ಸೂಕ್ಷ್ಮದರ್ಶಕ

'ಸೂಕ್ಷ್ಮ' ಎಂದರೆ ಬರೀ ಸಣ್ಣದಲ್ಲ. ನಮ್ಮ ಮದ್ದೂರು, ಮಳವಳ್ಳಿಯ ಮಾತಿನಲ್ಲೂ 'ಸೂಕ್ಷ್ಮ ತಿಳಿದವನು' ಎಂದರೆ ಬಾಯಿಬಿಟ್ಟು ಹೇಳದ್ದನ್ನೂ ಗ್ರಹಿಸುವವನು. ಅದಕ್ಕೆ 'ದೃಶ್' ಧಾತುವಿನಿಂದ ಬಂದ 'ದರ್ಶಕ' ಸೇರಿದೆ: ಕಾಣದ್ದನ್ನು ತೋರಿಸುವಂಥದ್ದು. ಗ್ರೀಕ್ ಮೂಲದ 'ಮೈಕ್ರೋಸ್ಕೋಪ್' ಪದವನ್ನು 1625ರಲ್ಲಿ ಟಂಕಿಸಿದವನು ಜಿಯೊವಾನಿ ಫೇಬರ್. ಅಲ್ಲಿ 'ನೋಡು', ಇಲ್ಲಿ 'ತೋರಿಸು'. ನನಗೆ ಕನ್ನಡದ ಪದವೇ ಹೆಚ್ಚು ಒಪ್ಪಿಗೆ.

ವಿಶ್ವೇಶ್ವರಯ್ಯ ನಾಲೆಯ ನೀರು ಮಂಡ್ಯದ ಗದ್ದೆಗಳಿಗೆ ಹರಿದಾಗ ಜೊತೆಗೆ ಮಲೇರಿಯಾವೂ ಕಾಡಿತು. ಗಾಜಿನ ಮೇಲೆ ಸವರಿದ ಒಂದು ಹನಿ ರಕ್ತದಲ್ಲಿ ಅದರ ರೋಗಾಣುವನ್ನು ತೋರಿಸಿಕೊಡುವುದು ಸೂಕ್ಷ್ಮದರ್ಶಕವೇ. ಸಾಮಾನ್ಯ ಬೆಳಕಿನಲ್ಲಿ ಸುಮಾರು 200 ನ್ಯಾನೋಮೀಟರಿಗಿಂತ ಹತ್ತಿರವಿರುವ ಎರಡು ಚುಕ್ಕೆಗಳು ಒಂದಾಗಿಯೇ ಕಾಣುತ್ತವೆ. ಹೊಳೆಯುವ ಅಣುಗಳ ನೆರವಿನಿಂದ ಆ ಗಡಿ ದಾಟಿದವರಿಗೆ 2014ರ ರಸಾಯನಶಾಸ್ತ್ರದ ನೊಬೆಲ್ ಸಂದಿತು. ಮಲೇರಿಯಾ ಪತ್ತೆಗೆ ಮಾತ್ರ ಇಂದಿಗೂ ಮುಖ್ಯ ಆಧಾರಗಳಲ್ಲೊಂದು ಹಳೆಯ ರಕ್ತಲೇಪವೇ.