ಕುದುರೆ ಅಳೆದ ನೆಲ: ಮೈಲಾಪೂರಿನ ತೋಟದ ಮನೆಗಳು

ಚೆನ್ನೈನಲ್ಲಿ ಇಂದಿಗೂ ಮನೆ ಜಾಗವನ್ನು ಗ್ರೌಂಡ್ ಲೆಕ್ಕದಲ್ಲಿ ಮಾರುತ್ತಾರೆ. ಒಂದು ಗ್ರೌಂಡ್ ಎಂದರೆ 2,400 ಚದರಡಿ, ಬೆಂಗಳೂರಿನವರಿಗೆ ಚೆನ್ನಾಗಿ ಗೊತ್ತಿರುವ ಅರವತ್ತು ನಲವತ್ತರ ಸೈಟಿನಷ್ಟೇ. ಇಂಥ 24 ಗ್ರೌಂಡು ಸೇರಿದರೆ ಒಂದು ಕಾಣಿ, ಅಂದರೆ ಸುಮಾರು 1.32 ಎಕರೆ. 18ನೇ ಶತಮಾನದ ಕೊನೆಯಲ್ಲಿ ಮೈಲಾಪೂರಿನ ಪಶ್ಚಿಮಕ್ಕೂ ದಕ್ಷಿಣಕ್ಕೂ ಮನೆ ಕಟ್ಟಲು ಹೊರಟವರು ಜಾಗ ಕೇಳುತ್ತಿದ್ದುದು ಕಾಣಿಯ ಲೆಕ್ಕದಲ್ಲಿ. ಒಂದು ಸಂಸಾರದ ವಾಸಕ್ಕೆ ಹತ್ತು ಹನ್ನೊಂದು ಎಕರೆ ಏಕೆ ಬೇಕಾಯಿತು? ಶ್ರೀಮಂತರ ಡೌಲು ಎಂದು ಸುಲಭವಾಗಿ ಉತ್ತರ ಹೇಳಬಹುದು. ಆದರೆ ಆ ಮನೆಗಳ ವಿನ್ಯಾಸವನ್ನೂ ಅವು ಎದ್ದ ಕಾಲವನ್ನೂ ಜೊತೆಗಿಟ್ಟು ನೋಡಿದರೆ ಬೇರೊಂದು ಉತ್ತರ ಹೊಳೆಯುತ್ತದೆ. ಆ ನೆಲದ ಅಳತೆಯನ್ನು ಗೊತ್ತುಮಾಡಿದ್ದು ಮುಖ್ಯವಾಗಿ ಕುದುರೆ. ಅಷ್ಟು ದೂರ ಬಂದು ನೆಲೆಸಲು ಸಾಧ್ಯವಾಗಿಸಿದ್ದೂ, ನೆಲೆಸಿದ ಮೇಲೆ ಅಂಗಳ, ಬಾವಿ, ಹಿತ್ತಲು, ಗೇಟುಗಳನ್ನು ಎಲ್ಲೆಲ್ಲಿ ಇಡಬೇಕೆಂದು ತೀರ್ಮಾನಿಸಿದ್ದೂ ಅದೇ.

ಇದನ್ನು ಒಪ್ಪಲು ಮೊದಲು ಮೈಲಾಪೂರಿನಲ್ಲಿ ಎರಡು ಊರುಗಳಿವೆ ಎಂಬುದನ್ನು ಗಮನಿಸಬೇಕು. ಕಪಾಲೀಶ್ವರ ದೇವಸ್ಥಾನ, ಅದರ ಕಲ್ಯಾಣಿ ಮತ್ತು ಸುತ್ತಲಿನ ನಾಲ್ಕು ಮಾಡ ಬೀದಿಗಳು ಸೇರಿದ್ದು ಹಳೆಯ ಊರು. ಅಲ್ಲಿನ ಸಾಲುಮನೆಗಳು ಗೋಡೆಗೆ ಗೋಡೆ ತಾಗಿಕೊಂಡು ನಿಂತವು. ಮುಂದೆ ಜಗಲಿ, ನಡುವೆ ತೊಟ್ಟಿ, ಹಿಂದೆ ಬಾವಿ. ದೇವಸ್ಥಾನ, ಸಂತೆ, ನೆಂಟರ ಮನೆ ಎಲ್ಲವೂ ಕಾಲ್ನಡಿಗೆಯ ದೂರದಲ್ಲಿದ್ದ ಕಾರಣ ಕುದುರೆಯ ಅಗತ್ಯ ಬೀಳಲಿಲ್ಲ. ಕುದುರೆ ತಂದರೂ ಕಟ್ಟಲು ಜಾಗವಿರಲಿಲ್ಲ. ಆ ಬೀದಿಗಳಿಗೆ ಅಗಲ ಬೇಕಾದದ್ದು ದೇವರ ರಥಕ್ಕೆ. ಇದಕ್ಕೆ ವಿರುದ್ಧವಾಗಿ, 1516ರ ಲಜ್ ಚರ್ಚಿನಿಂದ ಪಶ್ಚಿಮಕ್ಕೆ, ದಕ್ಷಿಣದಲ್ಲಿ ಅಡ್ಯಾರ್ ನದಿಯವರೆಗೆ ಹಬ್ಬಿದ ಎರಡನೆಯ ಊರಿನಲ್ಲಿ ಒಂದು ಮನೆಯಿಂದ ಇನ್ನೊಂದು ಮನೆ ಕಾಣುತ್ತಿರಲಿಲ್ಲ. ಸೇಂಟ್ ಜಾರ್ಜ್ ಕೋಟೆಯ ಕಚೇರಿ ಅಲ್ಲಿಂದ ಆರೇಳು ಕಿಲೋಮೀಟರ್. ಹೊತ್ತಿಗೆ ಸರಿಯಾಗಿ ಕೋಟೆ ಸೇರಿ, ಸಂಜೆ ಮನೆಗೆ ಮರಳಬೇಕಾದವನಿಗೆ ಸಾರೋಟು ಬೇಕೇ ಬೇಕು.

ಈ ಎರಡನೆಯ ಊರು ಹುಟ್ಟಿದ ಕಾಲವೂ ಕುದುರೆಯತ್ತಲೇ ಬೊಟ್ಟು ಮಾಡುತ್ತದೆ. ಇದರಲ್ಲಿ ನಮ್ಮ ಮೈಸೂರಿನ ಪಾಲು ದೊಡ್ಡದು. 1767ರಲ್ಲಿ ಹದಿಹರೆಯದ ಟಿಪ್ಪುವಿನ ಕುದುರೆ ದಂಡು ಮದ್ರಾಸಿನ ಹೊರವಲಯದ ತೋಟದ ಮನೆಗಳವರೆಗೆ ನುಗ್ಗಿತ್ತು. 1769ರಲ್ಲಿ ಹೈದರಾಲಿ ಸುಮಾರು 6,000 ಸವಾರರೊಡನೆ ಸೇಂಟ್ ಥಾಮಸ್ ಮೌಂಟಿನ ಬಳಿ ಬಂದಿಳಿದು, ಈಸ್ಟ್ ಇಂಡಿಯಾ ಕಂಪನಿಯನ್ನು ಒಪ್ಪಂದಕ್ಕೆ ಕೂರಿಸಿದ. 1780ರಲ್ಲಿ ಅವನ ಸವಾರರು ಮತ್ತೆ ಬಂದು ಮದ್ರಾಸಿನ ಸುತ್ತಲ ಹಳ್ಳಿಗಳನ್ನು ದೋಚಿದರು. ಕೋಟೆಯ ಹೊರಗೆ ಮನೆ ಕಟ್ಟುವುದೆಂದರೆ ಜೀವ ಒತ್ತೆಯಿಟ್ಟಂತಿದ್ದ ಕಾಲ ಅದು. 1792ರ ಶ್ರೀರಂಗಪಟ್ಟಣದ ಒಪ್ಪಂದ, 1799ರಲ್ಲಿ ಟಿಪ್ಪುವಿನ ಪತನ ಇವು ಆ ಭಯವನ್ನು ಕಳೆದವು. ಅಲ್ಲಿಂದ ಮುಂದೆ ಬಯಲಿನಲ್ಲಿ ಮನೆಗಳು ದಟ್ಟವಾಗಿ ಎದ್ದವು. ಹೊಸ ಶತಮಾನದ ಆರಂಭದಲ್ಲಿ ಮದ್ರಾಸಿಗೆ ಬಂದ ಲಾರ್ಡ್ ವ್ಯಾಲೆಂಷಿಯಾ ಎಂಬ ಪ್ರವಾಸಿ, ಹಿಂದೆ ಬರಿಯ ಮರಳಾಗಿದ್ದ ಚೌಲ್ಟ್ರಿ ಬಯಲು ತೋಟದ ಮನೆಗಳಿಂದ ಹಸಿರಾಗಿರುವುದನ್ನು ಕಂಡು ಬೆರಗಾಗಿ ಬರೆದಿದ್ದಾನೆ. ಮೈಸೂರಿನ ಕುದುರೆಯ ಓಟ ನಿಂತ ಮೇಲೆಯೇ ಮದ್ರಾಸಿನ ಸಾರೋಟು ನಿರ್ಭಯವಾಗಿ ಹೊರಟಿತು.

ಹೀಗೆ ಎದ್ದ ಮನೆಗಳಲ್ಲಿ ಕೆಲವು ಇಂದಿಗೂ ಇವೆ. ಕಂಪನಿಯ ಅಧಿಕಾರಿ ಜೇಮ್ಸ್ ಬ್ರೋಡಿ 1790ರ ದಶಕದಲ್ಲಿ ಅಡ್ಯಾರ್ ದಡದಲ್ಲಿ 11 ಎಕರೆ ಪಡೆದು ಕಟ್ಟಿಸಿದ ಬ್ರೋಡಿ ಕ್ಯಾಸಲ್ ಈಗ ಸರ್ಕಾರಿ ಸಂಗೀತ ಕಾಲೇಜು. ಜಾರ್ಜ್ ಮೌಬ್ರೆ ಅದೇ ನದಿಯ ದಡದಲ್ಲಿ 105 ಎಕರೆಯಲ್ಲಿ ಕಟ್ಟಿದ ಗುಮ್ಮಟದ ಮನೆ ಈಗ ಮದ್ರಾಸ್ ಕ್ಲಬ್. ಅವನ ಹೆಸರಿನ ರಸ್ತೆ ಇಂದಿನ ಟಿ.ಟಿ.ಕೆ. ರಸ್ತೆ. ಇಂಥ ಮನೆಯ ಮಾದರಿಯನ್ನು ಹತ್ತಿರದಿಂದ ನೋಡಿದರೆ ಕುದುರೆಯ ಗುರುತು ಅಲ್ಲಲ್ಲಿ ಸಿಗುತ್ತದೆ. ಗೇಟುಗಳು ಎರಡು: ಒಂದು ಒಳಬರಲು, ಇನ್ನೊಂದು ಹೊರಹೋಗಲು. ನಡುವೆ ಕಮಾನಿನಂತೆ ಬಾಗಿದ ದಾರಿ. ಕುದುರೆ ಕಟ್ಟಿದ ನಾಲ್ಕು ಗಾಲಿಯ ಗಾಡಿಯನ್ನು ಹಿಂದಕ್ಕೆ ತಳ್ಳಿ ತಿರುಗಿಸುವುದು ಕಷ್ಟ, ಅದು ಸುತ್ತಿಕೊಂಡೇ ಹೋಗಬೇಕು. ಆ ಸುತ್ತಿಗೇ ಮುಂದಿನ ಅಂಗಳದ ಬಹುಭಾಗ ಹೋಗುತ್ತದೆ. ಬಾಗಿಲ ಮುಂದಿನ ಪೋರ್ಟಿಕೊ, ಮೇಲೆ ಕೂತ ಗಾಡಿಯವನ ತಲೆ ತಾಗದಷ್ಟು ಎತ್ತರ, ಮಳೆಯಲ್ಲಿ ಇಳಿಯುವವರು ನೆನೆಯದಷ್ಟು ಅಗಲ. ಮನೆಯ ಹಿಂದೆ, ನೊಣ ಮತ್ತು ವಾಸನೆ ಬಾರದಷ್ಟು ದೂರದಲ್ಲಿ ಲಾಯ. ಅದರ ಪಕ್ಕದಲ್ಲಿ ಗಾಡಿ ನಿಲ್ಲಿಸುವ ಕೊಟ್ಟಿಗೆ, ಹುಲ್ಲಿನ ಬಣವೆ, ಬಾವಿ, ಆಳುಗಳ ಗುಡಿಸಲು. ದಿನಕ್ಕೆ ಮೂವತ್ತು ಲೀಟರಿಗೂ ಹೆಚ್ಚು ನೀರು ಕುಡಿಯುವ ಪ್ರಾಣಿ ನಾಲ್ಕಿದ್ದರೆ ಬಾವಿ ಲಾಯಕ್ಕೆ ಹತ್ತಿರವಿರದೆ ಆಗದು.

ಒಂದು ಕುದುರೆ ಸಾಕುವುದೆಂದರೆ ಒಂದು ಕುಟುಂಬವನ್ನೇ ಜೊತೆಗೆ ತಂದಂತೆ. ಮದ್ರಾಸಿನಲ್ಲಿ ಪ್ರತಿ ಕುದುರೆಗೂ ಒಬ್ಬ ಕುದುರೆಯಾಳು, ಹುಲ್ಲು ಕೊಯ್ದು ತರಲು ಇನ್ನೊಬ್ಬರು ಇರುವುದು ವಾಡಿಕೆ. ಹುಲ್ಲಿನ ಕೆಲಸ ಎಷ್ಟೋ ಸಲ ಆ ಕುದುರೆಯಾಳಿನ ಹೆಂಡತಿಯದೇ ಆಗಿರುತ್ತಿತ್ತು. ಬೆಳಿಗ್ಗೆ ಹೊರಟು ಬದುಗಳಲ್ಲಿ ಗರಿಕೆಯನ್ನು ಬೇರುಸಹಿತ ಕೆತ್ತಿ, ಮಣ್ಣು ತೊಳೆದು, ಹೊರೆ ಕಟ್ಟಿ ತರುವ ಕೆಲಸ ಅದು. ದಾಣಿಗೆ ಹುರುಳಿ. ಉತ್ತರ ಭಾರತದಲ್ಲಿ ಕಡಲೆ ತಿನ್ನಿಸಿದರೆ ದಕ್ಷಿಣದಲ್ಲಿ ಹುರುಳಿಯನ್ನು ಬೇಯಿಸಿ ಆರಿಸಿ ಹಾಕುತ್ತಿದ್ದರು. ಕಡಿಮೆ ಮಳೆಯಲ್ಲೂ ಕೆಂಪು ಮಣ್ಣಿನಲ್ಲಿ ಬರುವ ಈ ಕಾಳಿಲ್ಲದೆ ಮದ್ರಾಸಿನ ಲಾಯ ನಡೆಯುತ್ತಿರಲಿಲ್ಲ. ಕುದುರೆಗಳ ಸರಬರಾಜಿಗೂ ಕನ್ನಡದ ಗಡಿಯ ನಂಟಿದೆ. ಕಂಪನಿ ತನ್ನ ಸೈನ್ಯಕ್ಕಾಗಿ 1824ರಲ್ಲಿ ಹೊಸೂರಿನ ಮತ್ತಿಗಿರಿಯಲ್ಲಿ 1,600 ಎಕರೆಗೂ ಮಿಕ್ಕ ಜಾಗದಲ್ಲಿ ಕುದುರೆ ಸಾಕಣೆ ಕೇಂದ್ರ ತೆರೆಯಿತು. ಟಿಪ್ಪು ಕಾಲದಿಂದ ಬಂದ ಕುಣಿಗಲ್ಲಿನ ಫಾರಂ ಮೈಸೂರಿನ ಕಡೆ ಮುಂದುವರಿದಿತ್ತು. ಆಮೇಲೆ ಆಸ್ಟ್ರೇಲಿಯಾದ ವೇಲರ್ ಕುದುರೆಗಳು ಹಡಗಿನಲ್ಲಿ ಮದ್ರಾಸಿಗೆ ಬರತೊಡಗಿದವು.

ಇಲ್ಲೊಂದು ಆಕ್ಷೇಪ ಏಳುತ್ತದೆ: ಜನ ಬಯಲಿಗೆ ಬಂದದ್ದು ಒಳ್ಳೆಯ ಗಾಳಿಗೆ, ತೋಟದ ಆಸೆಗೆ, ಅಂತಸ್ತಿಗೆ. ಕುದುರೆ ಇಲ್ಲದ ಕಾಲದಲ್ಲೂ ಪಲ್ಲಕ್ಕಿ ಇತ್ತಲ್ಲ? ಪಲ್ಲಕ್ಕಿ ಇತ್ತು, ನಿಜ. ಹೊರುವ ಬೋಯಿಗಳ ಕೂಲಿ ಅಗ್ಗವೂ ಆಗಿತ್ತು. ಆದರೆ ಪಲ್ಲಕ್ಕಿಯನ್ನು ಹಜಾರದ ಮೂಲೆಯಲ್ಲಿ ಇಟ್ಟರೂ ನಡೆಯುತ್ತದೆ. ಅದು ಎರಡು ಗೇಟು ಕೇಳುವುದಿಲ್ಲ, ಬಾಗಿದ ದಾರಿ ಕೇಳುವುದಿಲ್ಲ, ಎತ್ತರದ ಪೋರ್ಟಿಕೊ ಕೇಳುವುದಿಲ್ಲ. ಮನೆಯ ಮಾದರಿಯಲ್ಲಿ ಅಚ್ಚೊತ್ತಿರುವುದು ಗಾಡಿಯ ಅಗತ್ಯವೇ ಹೊರತು ಪಲ್ಲಕ್ಕಿಯದಲ್ಲ. ತೋಟದ ಆಸೆಯೂ ಕುದುರೆಗೆ ಎದುರಾಳಿಯಲ್ಲ. ಮರಳು ನೆಲ ಹಸಿರಾಗಲು ಗೊಬ್ಬರ ಬೇಕು. ಲಾಯದ ಲದ್ದಿ ದಿನದಿನವೂ ಮನೆಯ ಹಿತ್ತಲಲ್ಲೇ ಸಿಗುತ್ತಿದ್ದಾಗ ತೋಟಗಾರ ಅದನ್ನು ಬಿಟ್ಟಿರಲಾರ. ಅಂತಸ್ತಿನ ಮಾತನ್ನಂತೂ ಪೂರ್ತಿ ಒಪ್ಪಬಹುದು. 1777ರಿಂದ ಗಿಂಡಿಯಲ್ಲಿ ರೇಸು ನಡೆಸುತ್ತಿದ್ದ ಊರಿನಲ್ಲಿ ಅಂತಸ್ತು ತೋರಿಸುವ ಬಗೆಯೇ ಕುದುರೆಯಾಗಿತ್ತು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಂಭೀರವಾದದ್ದು, ಅದನ್ನು ತಳ್ಳಿಹಾಕಬಾರದು. ಆ ನೆಲ ಖಾಲಿ ಇತ್ತೆಂಬುದು ಕಂಪನಿಯ ಕಣ್ಣಿನ ಮಾತು. ಪ್ರವಾಸಿಯ ಕಣ್ಣಿಗೆ ಬರಿಯ ಮರಳಾಗಿ ಕಂಡದ್ದರ ಅಂಚಿನಲ್ಲೇ ಮೈಲಾಪೂರು ನುಂಗಂಬಾಕ್ಕಂ ನಡುವೆ ಹಬ್ಬಿದ ದೊಡ್ಡ ಕೆರೆಯಿತ್ತು, ಕೆರೆಯ ಕೆಳಗೆ ಗದ್ದೆಗಳಿದ್ದವು, ಹಳ್ಳಿಗಳಿದ್ದವು, ದನ ಮೇಯುವ ಬಯಲಿತ್ತು. ಹೊಸ ಕಾಂಪೌಂಡ್ ಗೋಡೆ ಎದ್ದಲ್ಲಿ ಆ ಮೇವು ಒಬ್ಬನ ಪಾಲಾಯಿತು. ಹಿಂದೆ ಊರ ದನ ಮೇಯುತ್ತಿದ್ದ ಹುಲ್ಲನ್ನು ಈಗ ಆಳಿನ ಹೆಂಡತಿ ಒಡೆಯನ ಕುದುರೆಗಾಗಿ ಕೆತ್ತಬೇಕಾಯಿತು. ಲಾಯದ ಪಕ್ಕದ ಗುಡಿಸಲಿನಲ್ಲಿ ಬದುಕಿದವರ ಹೆಸರು ಯಾವ ಕ್ರಯಪತ್ರದಲ್ಲೂ ಬರಲಿಲ್ಲ. ಇದರಿಂದ ನನ್ನ ವಾದ ಸಡಿಲವಾಗುವುದಿಲ್ಲ, ಅದರ ಬೆಲೆ ಎಷ್ಟೆಂಬುದು ತಿಳಿಯುತ್ತದೆ. ಕುದುರೆಗೆ ನೆಲ ಬೇಕಾಯಿತು ಎನ್ನುವಾಗ, ಯಾರಿಂದ ಬಂದ ನೆಲ ಎಂಬುದನ್ನೂ ಜೊತೆಗೆ ಹೇಳುವುದು ನ್ಯಾಯ.

ಕುದುರೆಯೇ ಕಾರಣವಾಗಿದ್ದರೆ, ಕುದುರೆ ಹೋದ ಮೇಲೂ ಬಂಗಲೆಗಳು ಏಕೆ ಉಳಿದವು ಎಂದು ಕೇಳಬಹುದು. ಉಳಿದದ್ದು ಕಟ್ಟಡ, ಕರಗಿದ್ದು ನೆಲ. 19ನೇ ಶತಮಾನದಲ್ಲಿ ಈ ಬದುಕನ್ನು ಭಾರತೀಯ ಶ್ರೀಮಂತರೂ ತಮ್ಮದಾಗಿಸಿಕೊಂಡರು. ದುಬಾಷಿಗಳ ಮನೆತನದ ಬುಚ್ಚಿ ಬಾಬು ನಾಯ್ಡು ಅವರ ಲಜ್ ಹೌಸ್, ವಕೀಲ ಪಿ.ಎಸ್. ಶಿವಸ್ವಾಮಿ ಅಯ್ಯರ್ ಅವರ ಸುಧರ್ಮ ಹೆಸರಾದ ಮನೆಗಳು. ಅಷ್ಟರಲ್ಲಿ 1895ರಲ್ಲಿ ಮದ್ರಾಸಿಗೆ ವಿದ್ಯುತ್ ಟ್ರಾಂ ಬಂತು. ಸಾರೋಟು ಕಟ್ಟುತ್ತಿದ್ದ, 1840ರಲ್ಲಿ ಶುರುವಾದ ಸಿಂಪ್ಸನ್ ಕಂಪನಿ 20ನೇ ಶತಮಾನದ ಮೊದಲ ವರ್ಷಗಳಲ್ಲೇ ಮೋಟಾರಿನತ್ತ ತಿರುಗಿತು. ಲಾಯ ಕಾರ್ ಶೆಡ್ಡಾಯಿತು, ಬಣವೆಯ ಜಾಗ ಬರಿದಾಯಿತು. ಮೇವು ನೀರು ಕೇಳದ ವಾಹನಕ್ಕೆ ಹತ್ತು ಎಕರೆಯ ಹಂಗಿಲ್ಲ. 1920ರ ದಶಕದಲ್ಲಿ ಆ ದೊಡ್ಡ ಕೆರೆಯನ್ನೇ ಮುಚ್ಚಿ ತ್ಯಾಗರಾಯನಗರದ ಬಡಾವಣೆ ಮಾಡಿದರು. ಅಣ್ಣತಮ್ಮಂದಿರ ಪಾಲು, ಏರುತ್ತಿದ್ದ ಬೆಲೆ ಎರಡೂ ಸೇರಿ ಕಾಣಿಗಳನ್ನು ಗ್ರೌಂಡುಗಳಾಗಿ ಒಡೆದವು. ಪಾಲಾಗಲು ಬೇರೆ ಕಾರಣಗಳಿದ್ದವು ಎಂಬುದು ಸರಿ. ಆದರೆ ಲಾಯ ನಡೆಯುತ್ತಿದ್ದಷ್ಟು ಕಾಲ ಹಿತ್ತಲನ್ನು ಮಾರುವುದೆಂದರೆ ಗಾಡಿಯನ್ನೇ ಬಿಡುವುದಾಗಿತ್ತು. ಆ ತಡೆ ಹೋದ ಮೇಲೆ ಹಿತ್ತಲು ಬರಿಯ ಆಸ್ತಿಯಾಯಿತು.

ಈ ಚರಿತ್ರೆ ಇಂದಿಗೂ ಕೆಲಸಕ್ಕೆ ಬರುವಂಥದ್ದು. 2010ರಲ್ಲಿ ಮದ್ರಾಸ್ ಹೈಕೋರ್ಟಿನ ತೀರ್ಪಿನಲ್ಲಿ ನಗರದ 467 ಪಾರಂಪರಿಕ ಕಟ್ಟಡಗಳ ಪಟ್ಟಿ ಸೇರಿತು. ಅದು ದೊಡ್ಡ ಹೆಜ್ಜೆ. ಆದರೆ ಕಟ್ಟಡವನ್ನಷ್ಟೇ ಎಣಿಸಿದರೆ ಅದು ಏಕೆ ಹಾಗಿದೆ ಎಂಬುದಕ್ಕೆ ಸಾಕ್ಷಿಯೇ ಉಳಿಯುವುದಿಲ್ಲ. ಪೋರ್ಟಿಕೊ ಉಳಿಸಿ ಬಾಗಿದ ದಾರಿ ಅಗೆದರೆ, ಹಜಾರ ಉಳಿಸಿ ಲಾಯವನ್ನೂ ಆಳುಗಳ ಸಾಲುಮನೆಯನ್ನೂ ಕೆಡವಿದರೆ, ಒಡೆಯನ ಕಥೆ ಉಳಿಯುತ್ತದೆ, ದುಡಿದವರ ಕಥೆ ಅಳಿಯುತ್ತದೆ. ಮೈಲಾಪೂರಿನಲ್ಲಾಗಲಿ, ಇದೇ ಮಾದರಿಯ ಬಂಗಲೆಗಳು ಬೇಗಬೇಗ ಕಣ್ಮರೆಯಾಗುತ್ತಿರುವ ಬೆಂಗಳೂರು ದಂಡಿನಲ್ಲಾಗಲಿ, ಹಳೆಯ ಮನೆಯನ್ನು ದಾಖಲಿಸುವವರು ಗೇಟು, ಬಾವಿ, ಲಾಯ, ಗುಡಿಸಲಿದ್ದ ಜಾಗ ಇಷ್ಟನ್ನೂ ಅಳೆದು ನಕ್ಷೆಗೆ ತರಲೇಬೇಕು.