ಬಾಯ್ಕಾಟ್: ಒಂದು ಹೆಸರಿನ ಚರಿತ್ರೆ

ಇಂಗ್ಲಿಷಿನ ಕೆಲವೇ ಕ್ರಿಯಾಪದಗಳಿಗೆ ಹುಟ್ಟಿದ ಊರು, ಹುಟ್ಟಿದ ವರ್ಷ, ಹೆಸರಿಟ್ಟ ಪುರೋಹಿತ ಇವೆಲ್ಲ ಗೊತ್ತಿರುತ್ತವೆ. ‘ಬಾಯ್ಕಾಟ್’ ಅಂಥ ಅಪರೂಪದ ಮಾತು. ವಿದ್ಯಾರ್ಥಿಗಳು ತರಗತಿಯನ್ನು ಬಾಯ್ಕಾಟ್ ಮಾಡುತ್ತಾರೆ. ರಸ್ತೆ ಕಾಣದ ಹಳ್ಳಿಯವರು ಮತದಾನವನ್ನು ಬಾಯ್ಕಾಟ್ ಮಾಡುವುದಾಗಿ ಫಲಕ ಕಟ್ಟುತ್ತಾರೆ. 1980ರಲ್ಲಿ ಮಾಸ್ಕೋದ ಒಲಿಂಪಿಕ್ ಕ್ರೀಡೆಗಳನ್ನು ರಾಷ್ಟ್ರಗಳೇ ಬಾಯ್ಕಾಟ್ ಮಾಡಿದವು. ಕರೆಯುವಂತೆ ಕರೆಯಲಿಲ್ಲವೆಂದು ಮುನಿದ ಸೋದರಮಾವ ಮದುವೆಯೂಟವನ್ನು ಬಾಯ್ಕಾಟ್ ಮಾಡುವುದೂ ಉಂಟು. ರೇಡಿಯೋದಲ್ಲಿ ಕ್ರಿಕೆಟ್ ವಿವರಣೆ ಕೇಳಿದವರಿಗೆ ಜೆಫ್ರಿ ಬಾಯ್ಕಾಟನ ನೆನಪಾದರೆ ತಪ್ಪಲ್ಲ. ಮಾತು ಹುಟ್ಟಿದ್ದು ಆ ಮನೆತನದ ಹೆಸರಿನಿಂದಲೇ. ಆದರೆ ಆ ಬಾಯ್ಕಾಟ್ ಬೇರೆ.

ಚಾರ್ಲ್ಸ್ ಕನಿಂಗ್‌ಹ್ಯಾಮ್ ಬಾಯ್ಕಾಟ್ 1832ರಲ್ಲಿ ಇಂಗ್ಲೆಂಡಿನ ನಾರ್ಫೋಕ್ ಪ್ರಾಂತದಲ್ಲಿ ಹುಟ್ಟಿದವನು. ಕೆಲಕಾಲ ಸೈನ್ಯದಲ್ಲಿದ್ದು, ಅನಂತರ ಐರ್ಲೆಂಡಿನ ಮೇಯೋ ಸೀಮೆಯಲ್ಲಿ ಲಾಕ್ ಮಾಸ್ಕ್ ಸರೋವರದ ದಡದಲ್ಲಿ ನೆಲೆಸಿ, ಲಾರ್ಡ್ ಅರ್ನ್ ಎಂಬ ಜಮೀನುದಾರನ ಪರವಾಗಿ ಗೇಣಿ ವಸೂಲು ಮಾಡುತ್ತಿದ್ದನು. 1879ರಲ್ಲಿ ಬೆಳೆ ಕೆಟ್ಟಿತು. ಅದೇ ವರ್ಷ ಮೈಕೇಲ್ ಡೇವಿಟ್, ಪಾರ್ನೆಲ್ ಮೊದಲಾದವರು ‘ಲ್ಯಾಂಡ್ ಲೀಗ್’ ಎಂಬ ರೈತಸಂಘವನ್ನು ಕಟ್ಟಿದರು. ಮರುವರ್ಷ ಒಕ್ಕಲುಗಳು ಗೇಣಿಯಲ್ಲಿ ನೂರಕ್ಕೆ ಇಪ್ಪತ್ತೈದು ಇಳಿಸಬೇಕೆಂದರು. ಧಣಿ ಹತ್ತಕ್ಕೆ ಮಾತ್ರ ಒಪ್ಪಿದನು. 1880ರ ಸೆಪ್ಟೆಂಬರ್ 19ರಂದು ಎನ್ನಿಸ್ ಪಟ್ಟಣದ ಸಭೆಯಲ್ಲಿ ಪಾರ್ನೆಲ್ ಒಂದು ಪ್ರಶ್ನೆ ಕೇಳಿದನು: ಹೊರಹಾಕಲ್ಪಟ್ಟ ಒಕ್ಕಲಿನ ಹೊಲವನ್ನು ಇನ್ನೊಬ್ಬನು ಹಿಡಿದರೆ ಅವನಿಗೇನು ಮಾಡಬೇಕು? ಗುಂಡಿಕ್ಕಬೇಕೆಂದು ಗುಂಪಿನಿಂದ ಕೂಗು ಬಂತು. ಅದಕ್ಕಿಂತ ಒಳ್ಳೆಯ, ಕ್ರೈಸ್ತಧರ್ಮಕ್ಕೂ ಒಪ್ಪುವ ದಾರಿಯಿದೆಯೆಂದು ಪಾರ್ನೆಲ್ ಹೇಳಿದನು: ದಾರಿಯಲ್ಲಿ, ಅಂಗಡಿಯಲ್ಲಿ, ಸಂತೆಯಲ್ಲಿ, ದೇವರ ಗುಡಿಯಲ್ಲಿಯೂ ಅವನೊಡನೆ ಮಾತಾಡಬೇಡಿ, ಹಿಂದಿನ ಕಾಲದ ಕುಷ್ಠರೋಗಿಯಂತೆ ಅವನನ್ನು ದೂರವಿಡಿ.

ಹೊಲ ಹಿಡಿದವನಿಗಾಗಿ ಹೇಳಿದ ಈ ಮಾತು ಕೆಲವೇ ದಿನಗಳಲ್ಲಿ ಬಾಯ್ಕಾಟನ ಮೇಲೆ ಪ್ರಯೋಗವಾಯಿತು. ಹೊರಹಾಕುವ ನೋಟೀಸು ಹಿಡಿದು ಬಂದವನನ್ನು ಹೆಂಗಸರು ಮಣ್ಣು, ಕಲ್ಲು, ಸಗಣಿ ಎರಚಿ ಓಡಿಸಿದರು. ಮನೆಯಾಳುಗಳು ಕೆಲಸ ಬಿಟ್ಟರು. ಕಮ್ಮಾರ ಲಾಳ ಕಟ್ಟಲಿಲ್ಲ. ಅಗಸಗಿತ್ತಿ ಬಟ್ಟೆ ಒಗೆಯಲಿಲ್ಲ. ಟಪಾಲಿನ ಹುಡುಗ ಬರಲಿಲ್ಲ. ಬಾಲಿನ್‌ರೋಬ್ ಪೇಟೆಯಲ್ಲಿ ಸಾಮಾನು ಸಿಗಲಿಲ್ಲ. ಬಾಯ್ಕಾಟ್ ಲಂಡನ್ನಿನ ‘ಟೈಮ್ಸ್’ ಪತ್ರಿಕೆಗೆ ದೂರು ಬರೆದನು. ಫಸಲು ಕೀಳಲು ಬೇರೆ ಸೀಮೆಗಳಿಂದ ಐವತ್ತು ಮಂದಿ ಸ್ವಯಂಸೇವಕರು ಬಂದರು. ಅವರ ಕಾವಲಿಗೆ ಸುಮಾರು ಸಾವಿರ ಮಂದಿ ಸೈನಿಕರೂ ಪೋಲೀಸರೂ ನಿಂತರು. ಸುಮಾರು ಐನೂರು ಪೌಂಡು ಬೆಲೆಯ ಟರ್ನಿಪ್, ಆಲೂಗೆಡ್ಡೆಗಳಿಗಾಗಿ ಹತ್ತು ಸಾವಿರ ಪೌಂಡು ವೆಚ್ಚವಾಯಿತೆಂದು ಅಂದಾಜು. ಒಂದು ಗುಂಡೂ ಹಾರದೆ ಸಾಮ್ರಾಜ್ಯವೊಂದು ಹೀಗೆ ನಗೆಪಾಟಲಿಗೀಡಾದ ಪ್ರಸಂಗಗಳು ವಿರಳ. ಡಿಸೆಂಬರಿನ ಆರಂಭಕ್ಕೆ ಬಾಯ್ಕಾಟ್ ಐರ್ಲೆಂಡನ್ನು ಬಿಟ್ಟು ಹೊರಟಿದ್ದನು.

ಈ ಕ್ರಮಕ್ಕೊಂದು ಹೆಸರು ಬೇಕಾಗಿತ್ತು. ಅಮೆರಿಕದ ಪತ್ರಕರ್ತ ಜೇಮ್ಸ್ ರೆಡ್‌ಪಾತ್ ಬರೆದಿರುವ ಪ್ರಕಾರ, ‘ಆಸ್ಟ್ರಸಿಸಂ’ ಎಂಬ ಪ್ರೌಢ ಪದ ರೈತರ ಬಾಯಿಗೆ ಹಿಡಿಸದೆಂಬ ಚಿಂತೆಯಲ್ಲಿ ಅವನಿದ್ದಾಗ, ಊರಿನ ಪಾದ್ರಿ ಜಾನ್ ಓಮ್ಯಾಲಿ ‘ಬಾಯ್ಕಾಟ್ ಮಾಡುವುದು’ ಎಂದರಾಗದೇ ಎಂದು ಸೂಚಿಸಿದನಂತೆ. ಹಳೆಯ ಅಥೆನ್ಸಿನಲ್ಲಿ ಮಡಕೆಯ ಚೂರಿನ ಮೇಲೆ ಹೆಸರು ಗೀಚಿ, ಹತ್ತು ವರ್ಷ ಗಡೀಪಾರು ಮಾಡುತ್ತಿದ್ದರಲ್ಲ, ಆ ಪದ್ಧತಿಯಿಂದ ಬಂದ ಪದ ಅದು. ಮೇಯೋ ರೈತನಿಗೆ ಅದು ದೂರವೇ. ಪಾದ್ರಿಯ ಪದವಾದರೋ ನವೆಂಬರಿನಲ್ಲೇ ಲಂಡನ್ನಿನ ಪತ್ರಿಕೆಗಳಲ್ಲಿ ಕಾಣಿಸಿಕೊಂಡು, ಬೇಗನೆ ಫ್ರೆಂಚ್, ಜರ್ಮನ್ ಭಾಷೆಗಳಿಗೂ ಹೊಕ್ಕಿತು. ಕ್ರಿಯೆ ಮಾತ್ರ ಹಳೆಯದು: 1791ರ ಹೊತ್ತಿಗೇ ಇಂಗ್ಲೆಂಡಿನ ಅನೇಕ ಮನೆಗಳು ಗುಲಾಮರ ದುಡಿಮೆಯ ಸಕ್ಕರೆಯನ್ನು ಬಿಟ್ಟಿದ್ದವು.

ನಮ್ಮ ದೇಶಕ್ಕೆ ಈ ಮಾತು ಬಂದದ್ದು ಬಂಗಾಳದ ವಿಭಜನೆಯೊಡನೆ. 1905ರ ಆಗಸ್ಟ್ 7ರಂದು ಕಲ್ಕತ್ತೆಯ ಪುರಭವನದಲ್ಲಿ ವಿದೇಶೀ ಸರಕನ್ನು ಬಿಡುವ ನಿರ್ಣಯವಾಯಿತು. 1907ರಲ್ಲಿ ಸೂರತ್ತಿನಲ್ಲಿ ಕಾಂಗ್ರೆಸ್ ಒಡೆದದ್ದಕ್ಕೆ ಈ ಬಾಯ್ಕಾಟ್ ವಿವಾದವೂ ಒಂದು ಕಾರಣ. ಗಾಂಧೀಜಿ 1919ರಲ್ಲಿ ದೆಹಲಿಯ ಖಿಲಾಫತ್ ಸಭೆಯಲ್ಲಿ ಬ್ರಿಟಿಷ್ ಸರಕಿನ ಬಾಯ್ಕಾಟನ್ನು ವಿರೋಧಿಸಿದರು. ತಮ್ಮ ಮನಸ್ಸಿನಲ್ಲಿದ್ದ ಬೇರೊಂದು ಮಾರ್ಗಕ್ಕೆ ದೇಶಭಾಷೆಯ ಪದ ತಕ್ಷಣ ಹೊಳೆಯದೆ ಇಂಗ್ಲಿಷಿನಲ್ಲೇ ‘ನಾನ್-ಕೋಆಪರೇಷನ್’ ಎಂದರೆಂದು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ.

ಕನ್ನಡದಲ್ಲಿ ನಾವು ‘ಬಹಿಷ್ಕಾರ’ ಎಂದು ಅನುವಾದಿಸಿಕೊಂಡೆವು. ಇಲ್ಲಿ ನನಗೆ ಒಂದು ತೊಡಕು ಕಾಣುತ್ತದೆ. ‘ಬಹಿಸ್’ ಎಂದರೆ ಹೊರಗೆ. ಆ ಪದ ನಮ್ಮಲ್ಲಿ ಮೊದಲೇ ಇದ್ದು, ಮಠದ, ಜಾತಿಯ, ಊರಿನ ಕಟ್ಟಳೆಯಿಂದ ಒಬ್ಬರನ್ನು ಹೊರದೂಡುವ ಕಾರ್ಯಕ್ಕೆ ಸಲ್ಲುತ್ತಿತ್ತು. ಬದುಕಿರುವ ಹೆಣ್ಣಿಗೆ ಶ್ರಾದ್ಧ ಮಾಡಿ ಕಳೆದುಕೊಳ್ಳುವ ಆ ಕ್ರೌರ್ಯವನ್ನು ಅನಂತಮೂರ್ತಿಯವರ ‘ಘಟಶ್ರಾದ್ಧ’ ಓದಿದವರು ಬಲ್ಲರು. ದುರ್ಬಲರು ಬಲಿಷ್ಠನೊಬ್ಬನಿಗೆ ಬೆನ್ನು ತಿರುಗಿಸಿದ್ದಕ್ಕೂ, ಬಲಿಷ್ಠರ ಊರೊಂದು ದುರ್ಬಲರಿಗೆ ಬಾಗಿಲು ಮುಚ್ಚಿದ್ದಕ್ಕೂ ಒಂದೇ ಹೆಸರಾಯಿತು.

ಅಂಬೇಡ್ಕರರಿಗೆ ಈ ಎರಡನೆಯ ಅರ್ಥವೇ ಮುಖ್ಯ. 1927ರಲ್ಲಿ ಅವರು ಆರಂಭಿಸಿದ ಪತ್ರಿಕೆಯ ಹೆಸರೇ ‘ಬಹಿಷ್ಕೃತ ಭಾರತ’. ಅವರೂ ಸದಸ್ಯರಾಗಿದ್ದ ಸ್ಟಾರ್ಟ್ ಸಮಿತಿ ಆಗ ಧಾರವಾಡ, ಬೆಳಗಾವಿ, ಬಿಜಾಪುರಗಳನ್ನು ಒಳಗೊಂಡಿದ್ದ ಮುಂಬಯಿ ಪ್ರಾಂತದ ಸ್ಥಿತಿಯನ್ನು ವಿಚಾರಿಸಿ 1930ರಲ್ಲಿ ವರದಿಯಿತ್ತಿತು: ತಮ್ಮ ಹಕ್ಕು ಕೇಳಿದ ಅಸ್ಪೃಶ್ಯರಿಗೆ ಹೊಲದ ಕೆಲಸವಿಲ್ಲ, ನಡೆಯಲು ದಾರಿಯಿಲ್ಲ, ಅಂಗಡಿಯಲ್ಲಿ ಸಾಮಾನಿಲ್ಲ. ಬಾಲಿನ್‌ರೋಬಿನ ಪಟ್ಟಿಯೇ ಇದು. ಇವರ ಕಾವಲಿಗೆ ಮಾತ್ರ ಸಾವಿರ ಮಂದಿ ಬರಲಿಲ್ಲ. ಇಂಥ ಬಹಿಷ್ಕಾರ ದಂಡನಾರ್ಹವಾಗಬೇಕೆಂದು ಅಂಬೇಡ್ಕರರು ದುಂಡುಮೇಜಿನ ಪರಿಷತ್ತಿನ ಕಾಲದಲ್ಲಿ, ಬರ್ಮಾದ 1922ರ ಬಾಯ್ಕಾಟ್-ವಿರೋಧಿ ಕಾಯದೆಯ ಮಾದರಿಯನ್ನು ಮುಂದಿಟ್ಟು ಕೇಳಿದರು. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯದೆ 1989ರಲ್ಲಿ ಬಂತು. ಅದಕ್ಕೆ 2015ರಲ್ಲಿ ಆದ ತಿದ್ದುಪಡಿ ಸಾಮಾಜಿಕ ಬಹಿಷ್ಕಾರ, ಆರ್ಥಿಕ ಬಹಿಷ್ಕಾರ ಎಂಬೆರಡು ಮಾತುಗಳಿಗೂ ವ್ಯಾಖ್ಯೆ ಕೊಟ್ಟು, ಎರಡನ್ನೂ ಅಪರಾಧವೆಂದು ಹೆಸರಿಸಿತು. ಅದು ಜಾರಿಗೆ ಬಂದದ್ದು 2016ರ ಜನವರಿ 26ರಂದು.