ಒಂದು ತಪ್ಪುತ್ತರದ ತಿದ್ದುಪಡಿ

1989ರ ಆಗಸ್ಟ್ ತಿಂಗಳು. ವಾಯೇಜರ್ 2 ನೌಕೆಯು ನೆಪ್ಚೂನ್ ಗ್ರಹದ ಸಮೀಪ ಹಾದುಹೋದ ಸುದ್ದಿಯನ್ನು ಒಂಬತ್ತನೆಯ ತರಗತಿಯಲ್ಲಿ ಓದಿ ಹೇಳುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದುನಿಂತು, "ಸಾರ್, ಇನ್ನು ಮುಂದೆ ಅದು ಏನು ಮಾಡುತ್ತದೆ?" ಎಂದು ಕೇಳಿದ. "ಇನ್ನೇನಪ್ಪಾ, ಅದರ ಕೆಲಸ ಮುಗಿಯಿತು. ಕೆಲವೇ ವರ್ಷಗಳಲ್ಲಿ ಮೂಕವಾಗುತ್ತದೆ" ಎಂದೆ. ಆ ಉತ್ತರ ತಪ್ಪಾಗಿತ್ತು. ಅಂದು ಅಲ್ಲಿ ಕುಳಿತಿದ್ದವರಲ್ಲಿ ಕೆಲವರಾದರೂ ಓದುವರೆಂಬ ನಂಬಿಕೆಯಿಂದ ಈ ತಿದ್ದುಪಡಿಯನ್ನು ಬರೆಯುತ್ತಿದ್ದೇನೆ.

ಹೊರಗ್ರಹಗಳು ಸುಮಾರು 175 ವರ್ಷಗಳಿಗೊಮ್ಮೆ ಅನುಕೂಲವಾದ ಸ್ಥಾನಗಳಿಗೆ ಬರುತ್ತವೆ. ಆಗ ಒಂದರ ಗುರುತ್ವಾಕರ್ಷಣೆಯಿಂದ ವೇಗ ಪಡೆದು ಮತ್ತೊಂದನ್ನು ತಲುಪಬಹುದು. ಈ ಸಂದರ್ಭವನ್ನು ಬಳಸಿಕೊಂಡು ಅಮೆರಿಕದ ನಾಸಾ ಸಂಸ್ಥೆಯು 1977ರ ಆಗಸ್ಟ್ 20ರಂದು ವಾಯೇಜರ್ 2ನ್ನೂ, ಸೆಪ್ಟೆಂಬರ್ 5ರಂದು ವಾಯೇಜರ್ 1ನ್ನೂ ಹಾರಿಸಿತು. ಅವುಗಳಿಗೆ ವಿಧಿಸಿದ್ದ ಕೆಲಸ ಗುರು ಮತ್ತು ಶನಿಗ್ರಹಗಳ ವೀಕ್ಷಣೆ. ಎಣಿಸಿದ್ದ ಆಯುಷ್ಯ ಐದು ವರ್ಷ.

ಹಾರಿದ ಮರುವರ್ಷವೇ ವಾಯೇಜರ್ 2ರ ಮುಖ್ಯ ರೇಡಿಯೋ ಗ್ರಾಹಕ ಕೆಟ್ಟಿತು. ಬದಲಿ ಗ್ರಾಹಕವೂ, ಬರುವ ಸಂಕೇತದ ಆವರ್ತನ ಬದಲಾದಂತೆ ತಾನೂ ಹೊಂದಿಕೊಳ್ಳುವ ಶಕ್ತಿಯನ್ನು ಕಳೆದುಕೊಂಡಿತು. ಕಿವಿ ಮಂದವಾದ ಹಿರಿಯರೊಡನೆ ನಾವು ದನಿ ಹೊಂದಿಸಿಕೊಂಡು ಮಾತನಾಡುವುದಿಲ್ಲವೇ, ಹಾಗೆ ವಿಜ್ಞಾನಿಗಳು ಅದಕ್ಕೆ ಕೇಳಿಸುವ ಆವರ್ತನವನ್ನು ಲೆಕ್ಕಹಾಕಿ ಆದೇಶ ಕಳುಹಿಸತೊಡಗಿದರು. ಯುರೇನಸ್ ಮತ್ತು ನೆಪ್ಚೂನ್ ಗ್ರಹಗಳನ್ನು ಅದು ನೋಡಿದ್ದು ಇದೇ ಸ್ಥಿತಿಯಲ್ಲಿ.

ನಾನು ಮುಗಿಯಿತೆಂದ ಕೆಲಸ ಮುಂದುವರಿಯಿತು. 2012ರ ಆಗಸ್ಟ್‌ನಲ್ಲಿ ವಾಯೇಜರ್ 1, 2018ರ ನವೆಂಬರ್‌ನಲ್ಲಿ ವಾಯೇಜರ್ 2 ಸೌರಮಾರುತದ ಎಲ್ಲೆಯನ್ನು ದಾಟಿ ನಕ್ಷತ್ರಗಳ ನಡುವಣ ಪ್ರದೇಶವನ್ನು ಪ್ರವೇಶಿಸಿದವು. ಐವತ್ತೈದು ಭಾಷೆಗಳ ಶುಭಾಶಯಗಳನ್ನು ಹೊತ್ತ ಚಿನ್ನದ ಲೇಪದ ಧ್ವನಿಮುದ್ರಿಕೆಯೊಂದು ಅವೆರಡರಲ್ಲೂ ಇದೆ. ನಮ್ಮ ಕನ್ನಡದ ದನಿಯೂ ಅದರಲ್ಲಿದೆ.

2023ರ ನವೆಂಬರ್‌ನಲ್ಲಿ ವಾಯೇಜರ್ 1 ಅರ್ಥವಿಲ್ಲದ ಸಂಕೇತಗಳನ್ನು ಕಳುಹಿಸತೊಡಗಿತು. ಅದರ ಗಣಕದ ಸ್ಮೃತಿಕೋಶದ ಒಂದು ಚಿಪ್ ಕೆಟ್ಟಿತ್ತು. ಅಲ್ಲಿದ್ದ ಆದೇಶಸರಣಿಯನ್ನು ಇಡಿಯಾಗಿ ಇಡಲು ಬೇರೆಲ್ಲೂ ಜಾಗವಿರಲಿಲ್ಲ. ನೌಕೆಯನ್ನು ಕಟ್ಟಿದವರಲ್ಲಿ ಅನೇಕರು ಅಷ್ಟರಲ್ಲಿ ನಿವೃತ್ತರಾಗಿದ್ದರು, ಕೆಲವರು ತೀರಿಕೊಂಡಿದ್ದರು. ಅವರು ಬರೆದಿಟ್ಟಿದ್ದ ದಶಕಗಳಷ್ಟು ಹಳೆಯ ಕಾಗದಗಳನ್ನು ಈಗಿನವರು ತೆರೆದು ಓದಿದರು. ಆದೇಶಗಳನ್ನು ತುಂಡುಮಾಡಿ ಸಿಕ್ಕ ಜಾಗಗಳಲ್ಲಿ ಹೊಂದಿಸಿದರು. ಸಂದೇಶ ಹೋಗಲು ಇಪ್ಪತ್ತೆರಡೂವರೆ ಗಂಟೆ, ಉತ್ತರ ಬರಲು ಮತ್ತೆ ಅಷ್ಟೇ. 2024ರ ಏಪ್ರಿಲ್ 20ರಂದು ಅರ್ಥವಾಗುವ ಉತ್ತರ ಬಂತು. 1972ರಿಂದ 2022ರವರೆಗೆ ಈ ಯೋಜನೆಯ ಮುಖ್ಯ ವಿಜ್ಞಾನಿಯಾಗಿದ್ದ ಎಡ್ ಸ್ಟೋನ್ ಅದೇ ವರ್ಷದ ಜೂನ್‌ನಲ್ಲಿ ನಿಧನರಾದರು.

ನೌಕೆಗಳ ವಿದ್ಯುತ್ತು ವರ್ಷಕ್ಕೆ ಸುಮಾರು 4 ವಾಟ್‌ನಂತೆ ಕುಗ್ಗುತ್ತಿದೆ. ಮನೆಯಲ್ಲಿ ಒಂದೊಂದೇ ದೀಪ ಆರಿಸುವಂತೆ ಉಪಕರಣಗಳನ್ನು ನಿಲ್ಲಿಸುತ್ತ ಬಂದಿದ್ದಾರೆ. ಒಂದು ದಿನ ಅವು ಮೂಕವಾಗುವುದು ನಿಜ. ಆದರೆ ಯಂತ್ರದ ಆಯುಷ್ಯವನ್ನು ಎಣಿಸುವಾಗ ಅದನ್ನು ನೋಡಿಕೊಳ್ಳುವವರನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಮೇಷ್ಟ್ರಾಗಿದ್ದವನಿಗೆ ಹಿರಿಯರು ಬರೆದಿಟ್ಟದ್ದು ಕಿರಿಯರ ಕೈಯಲ್ಲಿ ಏನಾಗಬಲ್ಲದೆಂಬುದು ತಿಳಿದಿರಬೇಕಿತ್ತು.

ಆ ಹಿಂದಿನ ಬೆಂಚಿನ ಹುಡುಗನಿಗೆ ಈಗ ಐವತ್ತು ದಾಟಿರಬೇಕು. ಅಪ್ಪಾ, ನಿನ್ನ ಪ್ರಶ್ನೆ ಸರಿಯಾಗಿತ್ತು. ನನ್ನ ಉತ್ತರಕ್ಕೆ ಅಂಕ ಕೊಡಬೇಡ.